ಕರೆಂಟ್ ಕೊಡುವ ಮುನ್ನ

ಬೋರ್ಡಿಗೆ ಬೆಸೆದ ರೆಸಿಸ್ಟರನ್ನು ಇದ್ದಲ್ಲಿಯೇ ಅಳೆದರೆ ಮೀಟರು ತೋರಿಸುವುದು ಅದೊಂದರ ಬೆಲೆಯಲ್ಲ. ಅದಕ್ಕೆ ಸಮಾಂತರವಾಗಿರುವ ದಾರಿಗಳೆಲ್ಲ ಅದರಲ್ಲಿ ಸೇರಿರುತ್ತವೆ. 10 ಕಿಲೋಓಮ್ ಎಂಬುದು 3 ಎಂದು ಕಂಡ ಮಾತ್ರಕ್ಕೆ ಅದನ್ನು ಕಿತ್ತೆಸೆಯಬೇಕಿಲ್ಲ. ಒಂದು ಕಾಲನ್ನು ಬಿಡಿಸಿ ಮೇಲೆತ್ತಿ ಅಳೆದರೆ ನಿಜ ತಿಳಿಯುತ್ತದೆ. ಬರೆದದ್ದಕ್ಕಿಂತ ಹೆಚ್ಚು ತೋರಿಸಿದರೆ ಮಾತ್ರ ಅನುಮಾನ ಪಡಬೇಕು. ಮೆಗಾಓಮ್ ಅಳೆಯುವಾಗ ಎರಡೂ ಪ್ರೋಬುಗಳ ಲೋಹಕ್ಕೆ ಬೆರಳು ತಾಗಿದರೆ ಮೈಯ ರೋಧವೂ ಲೆಕ್ಕಕ್ಕೆ ಬರುತ್ತದೆ.

ಕೆಪಾಸಿಟರಿನ ವಿಷಯದಲ್ಲಿ ಅಳತೆಗಿಂತ ಮೊದಲು ಜೀವದ ಪ್ರಶ್ನೆ. 230 ವೋಲ್ಟ್ ಮೇನ್ಸಿನ ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 320 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಇಳಿಸುವ ರೂಢಿ ಕೆಟ್ಟದ್ದು. 10 ಕಿಲೋಓಮ್, 5 ವಾಟ್‌ನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ವೈರು ಬೆಸೆದು ಹಿಡಿದರೆ 100 ಮೈಕ್ರೋಫ್ಯಾರಡ್ ಐದಾರು ಸೆಕೆಂಡಿನಲ್ಲಿ ಬಹುಪಾಲು ಇಳಿಯುತ್ತದೆ. ಇಳಿದಿದೆಯೇ ಎಂದು ಡಿಸಿ ವೋಲ್ಟಿನಲ್ಲಿ ನೋಡಿಯೇ ಕೈ ಹಾಕಬೇಕು.

ಅಡಾಪ್ಟರಿನ ಪಿನ್ನು ಸರಿಯಾಗಿ ಕೂತಿತೆಂದರೆ ಅದು ಹೊಂದುತ್ತದೆಂದು ಅರ್ಥವಲ್ಲ. ಗಿಟಾರ್ ಪೆಡಲುಗಳ 9 ವೋಲ್ಟ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವಿನದು ನೆಗೆಟಿವ್. ಆರ್ಡುಯಿನೊ ಊನೊಗೆ ನಡುವಿನದು ಪಾಸಿಟಿವ್ ಬೇಕು. ಈ ಲೇಖಕ ಕೈಯಾರೆ ಬೆಸೆದ ಪುಟ್ಟ ಆಂಪ್ಲಿಫೈಯರ್ ಬೋರ್ಡು ಕೆಟ್ಟದ್ದು ಇದೇ ತಪ್ಪಿನಿಂದ. ಮೊದಲು ಕೆಪಾಸಿಟರಿನ ನೆತ್ತಿ ಉಬ್ಬಿತು, ಆಮೇಲೆ ಅಲ್ಲಿಯ ಗೀರುಗಳ ಗುಂಟ ಬಿರಿದು ಘಾಟು ಹೊಗೆ ಬಂತು. ಮೂರು ಸಂಜೆಯ ಕೆಲಸ ಹಾಳಾಯಿತು. ಮೀಟರ್ ಹಿಡಿದಿದ್ದರೆ ಮೈನಸ್ ಗುರುತು ಮೊದಲೇ ಕಾಣುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಭಾರದ ಅಡಾಪ್ಟರುಗಳ ವೋಲ್ಟೇಜನ್ನೂ ನೋಡಬೇಕು: 12 ಎಂದು ಬರೆದದ್ದು ಲೋಡ್ ಇಲ್ಲದಾಗ 16 ತೋರಿಸುವುದುಂಟು.

ಹೊಸ ಬೋರ್ಡಿಗೆ ಬೆಂಚ್ ಸಪ್ಲೈ ಇದ್ದರೆ ಔಟ್‌ಪುಟ್ ಆಫ್ ಇರುವಾಗಲೇ ವೋಲ್ಟೇಜ್ ಹೊಂದಿಸಿ, ಕರೆಂಟ್ ಮಿತಿಯನ್ನು 100 ಮಿಲಿಆಂಪಿಯರ್‌ನ ಆಸುಪಾಸಿನಲ್ಲಿಟ್ಟು ಜೋಡಿಸುವುದು ಒಳ್ಳೆಯದು. ವೋಲ್ಟೇಜ್ ಕುಸಿದರೆ ಎಲ್ಲೋ ಶಾರ್ಟ್ ಇರಬಹುದು. ಮೇನ್ಸಿಗೆ ಹಾಕುವ ರಿಪೇರಿ ಸೆಟ್ಟಿಗೆ ಸೀರೀಸ್ ಬಲ್ಬ್ ಇದೇ ಕೆಲಸ ಮಾಡುತ್ತದೆ. ಅದು ತಂತಿಯ ಬಲ್ಬೇ ಆಗಬೇಕು, ಎಲ್‌ಇಡಿ ಆಗದು. ಮಿಂಚಿ ಮಂಕಾದರೆ ಸಾಮಾನ್ಯವಾಗಿ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್. ಬಲ್ಬು ಕರೆಂಟಿಗೆ ಮಿತಿ ಹಾಕುತ್ತದೆ, ಶಾಕ್ ತಪ್ಪಿಸುವುದಿಲ್ಲ.

ಮೀಟರಿನ ಕೆಂಪು ವೈರು ಆಂಪಿಯರ್ ತೂತಿನಲ್ಲೇ ಉಳಿದಿದ್ದು ವೋಲ್ಟೇಜ್ ಅಳೆಯಹೋದರೆ ಮೀಟರೇ ಶಾರ್ಟ್ ಆಗಿ ನಿಲ್ಲುತ್ತದೆ. ಕರೆಂಟ್ ಅಳೆದ ಕೂಡಲೇ ಆ ವೈರನ್ನು ವೋಲ್ಟ್ ತೂತಿಗೆ ಮರಳಿಸಿಬಿಡಿ.