ಸೂಜಿಗೆ ಮೊದಲು ಎರಡು ನಿಮಿಷ

ಕ್ಯಾಶುಯಾಲ್ಟಿಯಲ್ಲಿ ಹೊಸದಾಗಿ ರಾತ್ರಿ ಡ್ಯೂಟಿ ಹಿಡಿದಿರುವ ಡಾಕ್ಟರುಗಳೇ, ಸಿಸ್ಟರುಗಳೇ, ಮೂವತ್ತು ವರ್ಷ ಇದೇ ಕೆಲಸ ಮಾಡಿ ಬಂದವಳು ನಾನು. ನಾಲ್ಕು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೇಸ್ ಶೀಟಿನಲ್ಲಿ ‘ಮಗು ಸಹಕರಿಸುತ್ತಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತೀರಲ್ಲ, ಮೊದಲು ಅದನ್ನು ಬಿಡಿ. ಜ್ವರದಲ್ಲಿ ಮೈ ಸುಡುತ್ತಿರುವ ಮಗುವನ್ನು ರಾತ್ರಿ ಎರಡು ಗಂಟೆಗೆ ನಿದ್ದೆಯಿಂದ ಎಬ್ಬಿಸಿ, ಟ್ಯೂಬ್‌ಲೈಟಿನ ಬೆಳಕಿಗೆ ತಂದು, ಗುರುತಿಲ್ಲದ ನಾಲ್ಕು ಜನ ಕೈಕಾಲು ಹಿಡಿದುಕೊಂಡರೆ ಅದು ಇನ್ನೇನು ಮಾಡಬೇಕು? ಒದೆಯುತ್ತದೆ, ಕಚ್ಚುತ್ತದೆ, ಕಿರುಚುತ್ತದೆ. ಹೆದರಿದ ಮಗು ಮಾಡುವುದೇ ಅಷ್ಟು.

ಮಗು ಬಂದ ಕೂಡಲೇ ಮೈಮೇಲೆ ಬೀಳಬೇಡಿ. ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡಿ. ಮೈಬಣ್ಣ ಹೇಗಿದೆ, ಅಮ್ಮನ ಮುಖ ನೋಡುತ್ತಿದೆಯೇ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದೆಯೇ, ಇಷ್ಟೂ ಮುಟ್ಟದೆಯೇ ಗೊತ್ತಾಗುತ್ತದೆ. ಅಮ್ಮನ ತೊಡೆಯ ಮೇಲೆ ತೆಪ್ಪಗಿರುವಾಗಲೇ ಉಸಿರನ್ನೂ ಎಣಿಸಿಬಿಡಿ, ಪೂರ್ತಿ ಒಂದು ನಿಮಿಷ. ಎರಡು ತಿಂಗಳು ತುಂಬದ ಕೂಸಿಗೆ 60, ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40, ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಏದುಸಿರು ಎಂದು ನೀವು ಓದಿಯೇ ಬಂದಿದ್ದೀರಿ. ಅಳಿಸಿದ ಮೇಲೆ ಎಣಿಸಿದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರನ್ನು ಬಹಳ ಜನ ನೋಡಿದ್ದೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಳುವ ಮಗುವಿನ ಮೇಲೆ ರೇಗುತ್ತೀರಿ. ಅಳದೆ ಬಿದ್ದುಕೊಂಡಿರುವ ಮಗುವನ್ನು ‘ಪಾಪ, ಒಳ್ಳೇ ಮಗು’ ಎಂದು ಮೂಲೆಯ ಮಂಚಕ್ಕೆ ಕಳಿಸುತ್ತೀರಿ. ನನಗೆ ಭಯವಾಗುವುದು ಇಲ್ಲಿಯೇ. ಜೋರಾಗಿ ಅಳುವ ಮಗುವಿಗೆ ಉಸಿರಿದೆ, ತ್ರಾಣವಿದೆ, ಅಮ್ಮ ಬೇಕೆಂಬ ಅರಿವಿದೆ. ಸೂಜಿ ಚುಚ್ಚಿದರೂ ಕೈ ಹಿಂದಕ್ಕೆ ಎಳೆದುಕೊಳ್ಳದ ಮಗುವಿನ ಹತ್ತಿರ ಮೊದಲು ಓಡಿ. ಅಮ್ಮನ ಮಡಿಲಲ್ಲೂ ಸಮಾಧಾನವಾಗದೆ ಹೊಯ್ದಾಡುವ ಮಗುವನ್ನು ಹಠಮಾರಿ ಎನ್ನುವ ಮುಂಚೆ ಬೆರಳಿಗೆ ಆಕ್ಸಿಮೀಟರ್ ಹಾಕಿ, ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಿ. ಆಮ್ಲಜನಕ ಕಡಿಮೆಯಾದರೂ, ಸಕ್ಕರೆ ಇಳಿದರೂ, ಮಿದುಳಿಗೆ ಸೋಂಕು ತಗುಲಿದರೂ ಮಗು ಹೀಗೇ ರಂಪ ಮಾಡುತ್ತದೆ. ‘ಒಂದು ನಿದ್ದೆ ಔಷಧಿ ಹಾಕಿ ಮಲಗಿಸಿಬಿಡಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಾರಣ ತಿಳಿಯದೆ, ಹಿರಿಯ ಡಾಕ್ಟರನ್ನು ಕೇಳದೆ, ಉಸಿರು ಕುಗ್ಗಿದರೆ ಬೇಕಾಗುವ ಸಾಮಾನು ಪಕ್ಕದಲ್ಲಿಲ್ಲದೆ ಆ ಔಷಧಿಯ ತಂಟೆಗೆ ಹೋಗಬಾರದು.

ಅಮ್ಮನನ್ನು ಹೊರಗೆ ಕಳಿಸುವ ಚಾಳಿಯೂ ಬೇಡ. ಕಳಿಸಬೇಕಾದದ್ದು ಮಂಚದ ಸುತ್ತ ನಿಂತ ಆರು ಜನ ನೆಂಟರನ್ನು. ಅಮ್ಮನ ತೊಡೆಯ ಮೇಲೆ ಕೂರಿಸಿಕೊಂಡೇ ಪರೀಕ್ಷೆ ಮಾಡಿ, ನೀವೂ ಒಂದು ಸ್ಟೂಲ್ ಎಳೆದುಕೊಂಡು ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಸ್ಟೆತೊಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮೊದಲು ಅಮ್ಮನ ಕೈಮೇಲೆ ಇಟ್ಟು ತೋರಿಸಿ. ಎದೆ ಮೊದಲು, ಹೊಟ್ಟೆ ಆಮೇಲೆ, ಕಿವಿ ಗಂಟಲು ಕಟ್ಟಕಡೆಗೆ. ನೋವಿರುವ ಜಾಗವನ್ನೂ ಕೊನೆಗೇ ಮುಟ್ಟಿ. ಇನ್ನು, ನಾಯಿ ಬೊಗಳಿದ ಹಾಗೆ ಕೆಮ್ಮುತ್ತಾ, ಉಸಿರೆಳೆದುಕೊಳ್ಳುವಾಗ ಗೊರಗೊರ ಸದ್ದು ಮಾಡುವ ಮಗುವನ್ನು ಆದಷ್ಟೂ ಅಳಿಸಬೇಡಿ. ಅತ್ತಷ್ಟೂ ಉಸಿರಿನ ದಾರಿ ಕಟ್ಟುತ್ತದೆ. ಜೊಲ್ಲು ಸುರಿಸುತ್ತಾ ಮುಂದಕ್ಕೆ ಬಾಗಿ ಕುಳಿತ ಮಗುವನ್ನಂತೂ ಮಲಗಿಸಲೂಬಾರದು, ನಾಲಿಗೆ ಒತ್ತಿ ಗಂಟಲು ನೋಡಲೂಬಾರದು. ಅದು ಹಿರಿಯರನ್ನು ಫೋನ್ ಮಾಡಿ ಕರೆಯುವ ಹೊತ್ತು.

ಸುಳ್ಳಿನ ವಿಷಯ ಹೇಳಲೇಬೇಕು. ಬಹಳ ಹಿಂದೆ ನಾಯಿ ಕಚ್ಚಿದ ಐದು ವರ್ಷದ ಹುಡುಗನೊಬ್ಬ ಬಂದಿದ್ದ. ಗಾಯವನ್ನು ನಲ್ಲಿಯ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದೆವು. ಅಷ್ಟೂ ಹೊತ್ತು ತುಟಿ ಕಚ್ಚಿಕೊಂಡು ಸಹಿಸಿದ. ಆಮೇಲೆ ‘ಒಂಚೂರೂ ನೋವಾಗಲ್ಲ ಪುಟ್ಟಾ’ ಎಂದುಬಿಟ್ಟೆ. ಗಾಯದ ಸುತ್ತ ಸೀರಂ ಚುಚ್ಚುವುದು ಎಷ್ಟು ನೋವೆಂದು ನಿಮಗೇ ಗೊತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಲಸಿಕೆಗೆ ಅದೇ ದಿನ, ಮತ್ತೆ 3ನೇ, 7ನೇ, 28ನೇ ದಿನ ಬರಬೇಕು. ಮೂರನೇ ದಿನ ಆ ಹುಡುಗ ಆಸ್ಪತ್ರೆಯ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನಪ್ಪ ಒಂದೊಂದೇ ಬೆರಳು ಬಿಡಿಸಬೇಕಾಯಿತು. ನನ್ನನ್ನು ನೋಡಿ ಮುಖ ತಿರುಗಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ನಾನು ಹೇಳುವುದು ಇಷ್ಟೇ: ‘ನೋವಾಗುತ್ತೆ ಮರಿ, ಹತ್ತು ಎಣಿಸೋವಷ್ಟರಲ್ಲಿ ಮುಗಿಯುತ್ತೆ, ಅಳಬೇಕು ಅನ್ನಿಸಿದರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ.’ ಆಮೇಲೆ ಇಬ್ಬರೂ ಗಟ್ಟಿಯಾಗಿ ಎಣಿಸುತ್ತೇವೆ. ‘ಸುಮ್ಮನಿರದಿದ್ದರೆ ಸಿಸ್ಟರ್ ಸೂಜಿ ಚುಚ್ಚುತ್ತಾರೆ ನೋಡು’ ಎಂದು ಹೆದರಿಸುವ ಅಪ್ಪ ಅಮ್ಮಂದಿರನ್ನು ಪಕ್ಕಕ್ಕೆ ಕರೆದು, ಗದರದೆ, ‘ನಮ್ಮನ್ನು ಗುಮ್ಮ ಮಾಡಬೇಡಿ’ ಎಂದು ಕೇಳಿಕೊಳ್ಳಿ.

ಕೆಲವು ಸಲ ಹಿಡಿದು ಅದುಮುವ ಅಗತ್ಯವೇ ಇರುವುದಿಲ್ಲ. ಅವರೆಕಾಯಿ ಕಾಲದಲ್ಲಿ ಮೂಗಿನೊಳಗೆ ಕಾಳು ಹಾಕಿಕೊಂಡು ಬರುವ ಮಕ್ಕಳು ಗೊತ್ತಲ್ಲ. ಚಿಮಟ ಕಂಡರೆ ಸಾಕು, ಕುತ್ತಿಗೆ ಸೆಟೆದು ಕಿರುಚುತ್ತವೆ. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯ ವೈದ್ಯರೊಬ್ಬರು ಬರೆದಿಟ್ಟ ಉಪಾಯವೊಂದಿದೆ, ತಾಯಿಯ ಮುತ್ತು ಎನ್ನುತ್ತಾರೆ. ಅಮ್ಮ ಮಗುವಿನ ಖಾಲಿ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ, ಬಾಯಿಗೆ ಬಾಯಿ ಗಟ್ಟಿಯಾಗಿ ಇಟ್ಟು, ಮೆಲ್ಲಗೆ ಊದಿ, ತಡೆ ಸಿಕ್ಕಂತಾದಾಗ ಒಮ್ಮೆಲೆ ಫೂ ಎಂದು ಊದಬೇಕು. ಒಂದು ರಾತ್ರಿ ನಾಲ್ಕು ವರ್ಷದ ಹುಡುಗಿಗೆ ‘ಅಮ್ಮ ದೊಡ್ಡ ಮುತ್ತು ಕೊಡ್ತಾಳಂತೆ’ ಎಂದೆ. ಎರಡನೆಯ ಊದಿಗೆ ಉಬ್ಬಿದ ಅವರೆಕಾಳು ಅಮ್ಮನ ಕೆನ್ನೆಗೆ ಬಂದು ಅಂಟಿತು, ಹುಡುಗಿ ನಕ್ಕುಬಿಟ್ಟಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹತ್ತರಲ್ಲಿ ಆರು ಸಲ ಇದರಿಂದ ಕೆಲಸವಾಗುತ್ತದೆ. ಆದರೆ ಮೂಗಿನಲ್ಲಿ ಇರುವುದು ಆಟಿಕೆಯ ಬಟನ್ ಬ್ಯಾಟರಿಯೋ ಎಂಬ ಅನುಮಾನ ಬಂದರೆ ಕಾಯಬೇಡಿ, ಇಎನ್‌ಟಿಯವರನ್ನು ಆಗಲೇ ಎಬ್ಬಿಸಿ. ಎರಡು ಗಂಟೆಯೊಳಗೆ ಅದು ಒಳಗಿನ ಮಾಂಸವನ್ನು ಸುಡತೊಡಗುತ್ತದೆ.

ಡ್ರಿಪ್ ಹಾಕುವಾಗ ಪ್ಲಾಸ್ಟರ್ ಕತ್ತರಿಸಿ, ಹಲಗೆ, ಸಿರಿಂಜು, ರಕ್ತದ ಬಾಟಲಿ ಎಲ್ಲ ಜೋಡಿಸಿಟ್ಟುಕೊಂಡ ಮೇಲೆಯೇ ಮಗುವಿನ ಕೈ ಹಿಡಿಯಿರಿ. ಚುಚ್ಚಿಟ್ಟು ‘ಪ್ಲಾಸ್ಟರ್ ಎಲ್ಲಿ’ ಎಂದು ಹುಡುಕಬಾರದು. ಪರೀಕ್ಷೆಗೆ ಬೇಕಾದ ರಕ್ತವನ್ನೂ ಅದೇ ಚುಚ್ಚಿನಲ್ಲಿ ತೆಗೆಯಿರಿ. ಮಗು ಅಮ್ಮನ ಎದೆಗೆ ಎದೆ ಕೊಟ್ಟು ತಬ್ಬಿಕೊಂಡು ಕುಳಿತಿರಲಿ, ಒಂದು ಕೈ ಮಾತ್ರ ಪಕ್ಕದಿಂದ ನಿಮ್ಮ ಕಡೆಗೆ ಬರಲಿ. ಹಾಲು ಕುಡಿಯುವ ಕೂಸಾದರೆ, ಹೊಟ್ಟೆ ಖಾಲಿ ಇಡಬೇಕಾದ ಕಾರಣವಿಲ್ಲದಿದ್ದರೆ, ಎದೆಹಾಲು ಕುಡಿಯುತ್ತಿರುವಾಗಲೇ ಚುಚ್ಚಿ. ನೋವು ಎಷ್ಟೋ ಕಡಿಮೆ. ಎರಡು ಸಲ ತಪ್ಪಿತೆಂದರೆ ಹಠ ಹಿಡಿಯದೆ ಇನ್ನೊಬ್ಬರನ್ನು ಕರೆಯಿರಿ. ಪ್ರಾಣಕ್ಕೇ ಬಂದಿದ್ದರೆ ಈ ಸಮಾಧಾನವೆಲ್ಲ ಆಮೇಲೆ; ಆಗಲೂ ಒಬ್ಬರು ತಲೆಯ ಹತ್ತಿರ ನಿಂತು ಮಗುವಿನ ಹೆಸರು ಹಿಡಿದು ಮಾತಾಡಿಸುತ್ತಿರಿ.

ಇವತ್ತು ರಾತ್ರಿ ಡ್ಯೂಟಿ ಇದ್ದರೆ, ಮಕ್ಕಳ ಟ್ರೇಯಲ್ಲಿ 24 ಗೇಜಿನ ಕ್ಯಾನುಲಾ, ಚಿಕ್ಕ ಮಾಸ್ಕ್ ಇವೆಯೇ ಎಂದು ಹೋದ ಕೂಡಲೇ ನೋಡಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಸಿಟ್ಟು ಬೇಗ ಬರುತ್ತದೆ. ಡಬ್ಬಿಯಲ್ಲಿ ಎರಡು ಚಪಾತಿಯಾದರೂ ಹಾಕಿಕೊಂಡು ಹೋಗಿ.