ರಾಗಿ ಹೊಲಕ್ಕೆ ಆನೆ ಬಂದರೆ

ಬಂಡೀಪುರದ ಅಂಚಿನ ರೈತರೊಬ್ಬರ ರಾಗಿ ಹೊಲವನ್ನು ಆನೆ ಎರಡು ಸಲ ತುಳಿದಿದೆ. ಬೇಲಿಗೆ ನೇರ ಕರೆಂಟ್ ಕೊಡಲೇ ಎಂಬುದು ಅವರ ಪ್ರಶ್ನೆ.

ಖಂಡಿತ ಬೇಡ. ಸೋಲಾರ್ ಬೇಲಿ ಬೆದರಿಸಿ ಬಿಡುತ್ತದೆ; ಮನೆಯ ಲೈನ್ ಕೊಲ್ಲುತ್ತದೆ, ಆನೆಯನ್ನೂ, ದನ ಅಟ್ಟಿಕೊಂಡು ಹೋದ ಮಗನನ್ನೂ. 1972ರ ವನ್ಯಜೀವಿ ಕಾಯ್ದೆಯಡಿ ಆನೆ ಕೊಂದವರಿಗೆ ಕನಿಷ್ಠ 3 ವರ್ಷ ಜೈಲು.

ಬದಲಿಗೆ ಬೆಳೆ ಪರಿಹಾರ ಕೇಳಬೇಕು. ಅದಕ್ಕೆ ಹೊಲ ಹಸನು ಮಾಡುವ ಮುನ್ನ ಅವರು ಮೊಬೈಲ್ ತೆಗೆಯಲಿ. ಮೊರದಗಲದ ಹೆಜ್ಜೆ, ಲದ್ದಿ, ಮುರಿದ ತೆನೆ ಎಲ್ಲದರ ಫೋಟೊ ಇರಲಿ. ಪಹಣಿ, ಪಾಸ್‌ಬುಕ್ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಅಲೆದಾಟಕ್ಕೆ ಹೆದರಿ ಅರ್ಜಿಯನ್ನೇ ಹಾಕದವರಿದ್ದಾರೆ (ತಪ್ಪು ಅವರದೇ ಅಲ್ಲ ಬಿಡಿ). ಅಂಥವರಿಗೆಂದೇ 2015ರಲ್ಲಿ ‘ವೈಲ್ಡ್ ಸೇವೆ’ ಬಂಡೀಪುರ, ನಾಗರಹೊಳೆ ಸುತ್ತ ಶುರುವಾಯಿತು: ಫೋನ್ ಮಾಡಿದರೆ ಕಾರ್ಯಕರ್ತರು ಹೊಲಕ್ಕೇ ಬಂದು ಕಾಗದಪತ್ರಕ್ಕೆ ನೆರವಾಗುತ್ತಾರೆ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆಯುವುದನ್ನು ಮರೆಯದಿರಲಿ.