ಮಣ್ಣಿನ ವಿಷ ಮತ್ತು ಸೂಕ್ಷ್ಮಜೀವಿಗಳ ಲೆಕ್ಕಾಚಾರ

ವಾಣಿಜ್ಯ ವಿಭಾಗದವಳಿಗೆ ಈ ವಿಷಯ ಯಾಕೆ ಎಂದು ಗೆಳತಿಯರು ನಕ್ಕರು. ಓದಿದಂತೆಲ್ಲ ಇದು ನನಗೆ ನಮ್ಮ ಜಮಾ-ಖರ್ಚಿನ ಪಾಠದಂತೆಯೇ ಕಂಡಿತು.

ನಮ್ಮ ಮನೆಯ ಉರ್ದುವಿನಲ್ಲಿ 'ಜರಾಸೀಮ್' ಎಂದರೆ ಕಾಯಿಲೆ ತರುವ ಕ್ರಿಮಿ, ಅಷ್ಟೇ. ಆದರೆ ಒಂದು ಚಮಚ ಹೊಲದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ, ಹೆಚ್ಚಿನವು ಯಾರಿಗೂ ತೊಂದರೆ ಕೊಡುವುದಿಲ್ಲ. ಮಣ್ಣಿಗೆ ಎಣ್ಣೆ ಚೆಲ್ಲಿದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ಲೋಹವನ್ನು ಹಾಗೆ ಮುಗಿಸಲು ಆಗುವುದಿಲ್ಲ. ಸೀಸ ಸೀಸವಾಗಿಯೇ ಉಳಿಯುತ್ತದೆ. ಈ ಬಾಕಿಯನ್ನು ಪುಸ್ತಕದಿಂದ ಹೊಡೆದುಹಾಕಲು ಬರುವುದಿಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು ಮಾತ್ರ. ಸೂಕ್ಷ್ಮಜೀವಿಗಳು ಮಾಡುವುದು ಈ ವರ್ಗಾವಣೆಯನ್ನೇ.

ಕ್ರೋಮಿಯಂ ನೋಡಿ. ಅದರ ಒಂದು ರೂಪ ನೀರಿನಲ್ಲಿ ಸುಲಭವಾಗಿ ಕರಗಿ ಬಾವಿಗೆ ಇಳಿಯುತ್ತದೆ, ಬಹಳ ವಿಷಕಾರಿ. ಕೆಲವು ಬ್ಯಾಕ್ಟೀರಿಯಾಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು, ಕರಗದೆ ಮಣ್ಣಿನಲ್ಲೇ ಕೂರುವ ರೂಪಕ್ಕೆ ತರುತ್ತವೆ. ಅವುಗಳಿಗೆ ಆಹಾರವಾಗಿ ಕಾಕಂಬಿ ಹಾಕುವ ಪದ್ಧತಿಯಿದೆ. ಇಂಡಿ ಕಡೆಯ ಸಕ್ಕರೆ ಕಾರ್ಖಾನೆ ನೋಡಿದವರಿಗೆ ಕಾಕಂಬಿ ಹೊಸದಲ್ಲ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಸತು, ಕ್ಯಾಡ್ಮಿಯಂಗಳನ್ನು ಗಂಧಕದ ಜೊತೆ ಸೇರಿಸಿ ಗಟ್ಟಿ ಮಾಡುತ್ತವೆ. ನೆದರ್‌ಲ್ಯಾಂಡ್ಸ್‌ನ ಬುಡೆಲ್‌ನಲ್ಲಿರುವ ಸತುವಿನ ಕಾರ್ಖಾನೆಯಲ್ಲಿ 1992ರಿಂದ ಅಂತರ್ಜಲವನ್ನು ಹೀಗೆ ಶುದ್ಧಮಾಡಿದ್ದಾರೆ.

ನಮಗೆ ಹತ್ತಿರದ ಉದಾಹರಣೆ ನೆರೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ. ಮುದ್ದೇಬಿಹಾಳ, ಸಿಂದಗಿಯವರಿಗೆ ಆ ಕಡೆ ಗೊತ್ತಿರುತ್ತದೆ. ಅದು ಮಂಗಳೂರಿನ (ಕರಾವಳಿಯದಲ್ಲ) ಹಳೆಯ ಚಿನ್ನದ ಗಣಿ ಪ್ರದೇಶ. ಅಲ್ಲಿಯ ನೀರು ಮತ್ತು ಮಣ್ಣಿನಲ್ಲಿ ಆರ್ಸೆನಿಕ್ ಇರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿದೆ. ಲೀಟರ್ ನೀರಿನಲ್ಲಿ 10 ಮೈಕ್ರೋಗ್ರಾಂ ಮೀರಬಾರದ ವಿಷ ಅದು. ಜನರ ಚರ್ಮದ ಮೇಲೆ ಕಲೆಗಳಾಗಿದ್ದವು, ಅಂಗೈ ಅಂಗಾಲು ಗಡುಸಾಗಿದ್ದವು.

ಹಾಗಾದರೆ ಅಲ್ಲೂ ಕಾಕಂಬಿ ಹಾಕೋಣವೇ? ಬೇಡ. ಕ್ರೋಮಿಯಂ ಅನ್ನು ಕಟ್ಟಿಹಾಕುವ ಕ್ರಿಯೆಯೇ ಆರ್ಸೆನಿಕ್ ಅನ್ನು ಬಿಚ್ಚಿಬಿಡಬಹುದು. ಗಾಳಿಯಿಲ್ಲದ, ನೀರು ನಿಂತ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಕಬ್ಬಿಣದ ಆಕ್ಸೈಡ್ ಅನ್ನು ಕರಗಿಸಿದಾಗ, ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ನೀರಿಗೆ ಸೇರುತ್ತದೆ. ಆರ್ಸೆನಿಕ್‌ಗೆ ಬೇಕಾದದ್ದು ಗಾಳಿಯಲ್ಲಿ ಬದುಕಿ, ಅದನ್ನು ಕಬ್ಬಿಣಕ್ಕೆ ಅಂಟುವ ರೂಪಕ್ಕೆ ತರುವ ಬೇರೆ ಬ್ಯಾಕ್ಟೀರಿಯಾ. ಅದರಿಂದಲೇ ಮೊದಲು ಜನರಿಗೆ ಕುಡಿಯಲು ಬೇರೆ ನೀರು, ಆಮೇಲೆ ಯಾವ ಲೋಹ, ಎಷ್ಟು, ಯಾವ ರೂಪದಲ್ಲಿದೆ ಎಂಬ ಪರೀಕ್ಷೆ. ರೈತರಿಗೆ ಸಿಗುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಲೆಕ್ಕವಿದೆ. ಸತು, ತಾಮ್ರ ಇವೆ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಇಲ್ಲ. ಅವನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು.